ಕ್ಲಿನಿಕ್‌ನ ಫ್ಯಾಕ್ಸ್ ಅನ್ನು ಕಂಪ್ಯೂಟರ್ ಜಾಲಕ್ಕೆ ಸೇರಿಸುವ ಬಗೆ

ಅಮೆರಿಕದ ಎಷ್ಟೋ ಕ್ಲಿನಿಕ್‌ಗಳಲ್ಲಿ ರೋಗಿಯ ವರದಿ ಇವತ್ತಿಗೂ ಫ್ಯಾಕ್ಸ್‌ನಲ್ಲೇ ಓಡಾಡುತ್ತದೆ. ನ್ಯೂಜೆರ್ಸಿಯ ಅಂಥದ್ದೊಂದು ಸಣ್ಣ ಕ್ಲಿನಿಕ್‌ನ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಅಲ್ಲಿ ಫ್ಯಾಕ್ಸ್ ಯಂತ್ರದ ಕೆಲಸವನ್ನೆಲ್ಲ ಈಗ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಇರುವ ಒಂದು ಹಳೆಯ ಕಂಪ್ಯೂಟರ್ ಮಾಡುತ್ತಿದೆ.

ಯುಎಸ್‌ಬಿ ಫ್ಯಾಕ್ಸ್ ಮೋಡೆಮ್, ದೂರವಾಣಿ ಸಂಪರ್ಕ ಮತ್ತು ಹೈಲಾಫ್ಯಾಕ್ಸ್ ಎಂಬ ಉಚಿತ ತಂತ್ರಾಂಶ ಇದ್ದರೆ ಸಾಕು. ತಂತ್ರಾಂಶ ಹಾಕಿದ ಮೇಲೆ 'ಫ್ಯಾಕ್ಸ್‌ಆಡ್‌ಮೋಡೆಮ್' (faxaddmodem) ಆದೇಶ ಕೊಡಿ. ಅದು ಕೇಳುವ ಹೆಚ್ಚಿನ ಪ್ರಶ್ನೆಗಳಿಗೆ ಅದೇ ಸೂಚಿಸುವ ಉತ್ತರವನ್ನು ಒಪ್ಪಿಕೊಳ್ಳಬಹುದು. ಎಷ್ಟು ರಿಂಗ್ ಆದ ಮೇಲೆ ಕರೆ ಎತ್ತಬೇಕು ಎಂಬಲ್ಲಿ ಮಾತ್ರ ಸೊನ್ನೆ ಕೊಡಬೇಡಿ. ಕೊಟ್ಟರೆ ಕರೆ ಎತ್ತುವುದೇ ಇಲ್ಲ. ಸಿಬ್ಬಂದಿಯ ಕಂಪ್ಯೂಟರ್‌ಗಳು 4559ನೆಯ ಪೋರ್ಟ್ ಎಂಬ ಜಾಲದ ಬಾಗಿಲಿನ ಮೂಲಕ ಈ ಫ್ಯಾಕ್ಸ್ ಕಂಪ್ಯೂಟರನ್ನು, ಅಂದರೆ ಸರ್ವರ್ ಅನ್ನು, ತಲುಪುತ್ತವೆ. ಈ ಬಾಗಿಲು ಕಚೇರಿಯ ಜಾಲದೊಳಗೆ ಮಾತ್ರ ತೆರೆದಿರಲಿ.

ಪಿಡಿಎಫ್ ಕೊಟ್ಟರೆ ಸರ್ವರ್ ಅದನ್ನು ಕಪ್ಪು-ಬಿಳುಪು ಟಿಫ್ ಚಿತ್ರವಾಗಿಸಿ ಡಯಲ್ ಮಾಡುತ್ತದೆ. ಸಾಮಾನ್ಯ ಗುಣಮಟ್ಟದಲ್ಲಿ ಇಂಚಿಗೆ 98 ಸಾಲು, 'ಫೈನ್'ನಲ್ಲಿ 196. ಪ್ರಯೋಗಾಲಯದ ವರದಿಗೆ ಫೈನ್ ಬಿಟ್ಟು ಬೇರೆ ಯೋಚನೆಯೇ ಬೇಡ. ಬೂದು ಬಣ್ಣದ ಪಟ್ಟಿಯ ಮೇಲೆ ಅಚ್ಚಾದ ಪೊಟ್ಯಾಸಿಯಂ ಅಂಕಿಯನ್ನು ನೋಡಿ: ಬೂದು ಬಣ್ಣ ಕರಿಚುಕ್ಕೆಗಳಾಗಿ ಒಡೆಯುತ್ತದೆ, 4.5ರ ದಶಮಾಂಶ ಬಿಂದು ಆ ಚುಕ್ಕೆಗಳಲ್ಲೇ ಕರಗಿಹೋಗುತ್ತದೆ. ಆದ್ದರಿಂದ ವರದಿಯ ನಮೂನೆಯಿಂದಲೇ ಆ ಬಣ್ಣವನ್ನು ತೆಗೆಸಿ.

ನಿಜವಾಗಿ ಕಾಡುವುದು ಸಂಪರ್ಕ. ಈಗ ಬಹಳ ಕಚೇರಿಗಳ ದೂರವಾಣಿ ಅಂತರ್ಜಾಲದ ಮೇಲೆಯೇ ನಡೆಯುತ್ತದೆ. ಮಾತಿನ ನಡುವೆ ಒಂದೆರಡು ಪ್ಯಾಕೆಟ್ (ದತ್ತಾಂಶದ ತುಣುಕು) ಕಳೆದರೆ ಕಿವಿಗೆ ಗೊತ್ತಾಗುವುದಿಲ್ಲ. ಮೋಡೆಮ್‌ಗೆ ಅಷ್ಟೇ ಸಾಕು, ಪುಟ ಅರ್ಧಕ್ಕೆ ನಿಲ್ಲಬಹುದು. ಇದಕ್ಕೆಂದೇ ಇರುವ ಮಾನಕ ಟಿ.38. ಅದು ಫ್ಯಾಕ್ಸ್ ಅನ್ನು ಶಬ್ದವಾಗಿ ಸಾಗಿಸದೆ ದತ್ತಾಂಶವಾಗಿಯೇ ಸಾಗಿಸುತ್ತದೆ. ನಿಮ್ಮ ಅಡಾಪ್ಟರ್ (ಮೋಡೆಮ್ ಅನ್ನು ಅಂತರ್ಜಾಲ ದೂರವಾಣಿಗೆ ಜೋಡಿಸುವ ಪೆಟ್ಟಿಗೆ) ಮತ್ತು ದೂರವಾಣಿ ಸೇವೆ ಎರಡರಲ್ಲೂ ಅದು ಇರಬೇಕು; ಸೇವೆ ಪಡೆಯುವ ಮೊದಲೇ ಕೇಳಿ ತಿಳಿದುಕೊಳ್ಳಿ. ಇಲ್ಲವೆಂದರೆ ಅಡಾಪ್ಟರ್‌ನಲ್ಲಿ ಧ್ವನಿಯನ್ನು ಸಂಕೇತವಾಗಿಸುವ ಜಿ.711 ವಿಧಾನವನ್ನು ಆಯ್ದುಕೊಳ್ಳಿ. ಜಿ.729 ಧ್ವನಿಯನ್ನು ಹಿಂಡಿ ಚಿಕ್ಕದಾಗಿಸುವುದರಿಂದ ಮೋಡೆಮ್‌ನ ಸಂಕೇತ ಕೆಡುತ್ತದೆ. ಮೌನದ ವೇಳೆ ಪ್ಯಾಕೆಟ್ ನಿಲ್ಲಿಸುವ ಸೌಲಭ್ಯವನ್ನು ಆಫ್ ಮಾಡಿಬಿಡಿ. ಆಗಲೂ ತೊಂದರೆಯಾದರೆ ಮೋಡೆಮ್ ವೇಗವನ್ನು ಸೆಕೆಂಡಿಗೆ 14,400 ಬಿಟ್‌ಗಳಿಂದ 9,600ಕ್ಕೆ ಇಳಿಸಿ. ನಿಧಾನವಾದರೂ ಪೂರ್ತಿ ತಲುಪುವ ಪುಟವೇ ನನಗೆ ಮುಖ್ಯ.

ಬಂದ ಫ್ಯಾಕ್ಸ್‌ಗಳು ಸರ್ವರ್‌ನ 'ರೆಕ್ವ್‌ಕ್ಯೂ' (recvq) ಫೋಲ್ಡರ್‌ನಲ್ಲಿ ಸೇರುತ್ತವೆ. ಅವನ್ನು ಪಿಡಿಎಫ್ ಮಾಡಿ ಇಮೇಲ್‌ಗೆ ಕಳಿಸಲು 'ಫ್ಯಾಕ್ಸ್‌ಡಿಸ್‌ಪ್ಯಾಚ್' (FaxDispatch) ಕಡತದಲ್ಲಿ ಬರೆದಿಡಬಹುದು. ರೋಗಿಗಳ ಖಾಸಗಿತನ ಕಾಯುವ ಹಿಪಾ ಕಾನೂನು ನಮಗೆ ಅನ್ವಯಿಸುವುದರಿಂದ ನಾನು ಇಮೇಲ್‌ಗೆ ಬಿಡುವುದಿಲ್ಲ. ಇಬ್ಬರು ಸಿಬ್ಬಂದಿ ಮಾತ್ರ ತೆರೆಯಬಲ್ಲ ಫೋಲ್ಡರ್‌ಗೆ ಹಾಕಿಸುತ್ತೇನೆ.

ಹೊಸ ಸಂಖ್ಯೆಗೆ ಕಳಿಸುವಾಗ ಮೊದಲು ರೋಗಿಯ ವಿವರವಿಲ್ಲದ ಒಂದು ಮುಖಪುಟವನ್ನಷ್ಟೇ ಕಳಿಸಿ, ಸರ್ವರ್‌ನ ದಾಖಲೆ ತೆರೆದು ನೋಡಿ. ಪುಟ ಸರಿಯಾಗಿ ಸಿಕ್ಕಿತೆಂದು ಆ ಕಡೆಯ ಯಂತ್ರ ಒಪ್ಪಿಕೊಂಡಿದ್ದರೆ ಎಂಸಿಎಫ್ ಎಂಬ ಸಂಕೇತ ಕಾಣುತ್ತದೆ. ಸಾಮಾನ್ಯವಾಗಿ ಆ ಯಂತ್ರದ ಗುರುತಿನ ಸಂಖ್ಯೆಯೂ ಇರುತ್ತದೆ. ಅದು ತಾಳೆಯಾಗದಿದ್ದರೆ ವರದಿಯನ್ನು ತಡೆಹಿಡಿದು ಆ ಕಚೇರಿಗೆ ಫೋನ್ ಮಾಡಿ ಕೇಳಿ.