ಕಾಳು ಕೊಳ್ಳುವ ಕೆಲಸ: ಚಳ್ಳಕೆರೆಯಲ್ಲಿ ಗಾಣ ಹಾಕಿದ ನನ್ನ ಅನುಭವ

ಚಳ್ಳಕೆರೆಯನ್ನು ಎಣ್ಣೆ ನಗರಿ ಅಂತ ಕರೆಯುತ್ತಾರೆ. ಊರೊಳಗೆ ಒಂದು ಸುತ್ತು ಹಾಕಿದರೆ ಯಾಕೆ ಅಂತ ಗೊತ್ತಾಗುತ್ತದೆ. ಎಣ್ಣೆ ಮಿಲ್ಲುಗಳು, ಗೋಡೌನುಗಳು, ಶೇಂಗಾ ಮಂಡಿಗಳು. ಮಿಲ್ಲುಗಳಲ್ಲಿ ಎಷ್ಟೋ ಈಗ ಬಾಗಿಲು ಹಾಕಿವೆ. ಹೊರದೇಶದಿಂದ ಅಗ್ಗದ ಪಾಮ್ ಎಣ್ಣೆ ಬಂತು. ಇತ್ತ ಮಳೆ ಪದೇ ಪದೇ ಕೈಕೊಟ್ಟಿತು. ಇಂಥ ಊರಿನ ಪಕ್ಕದ ಹಳ್ಳಿಯಲ್ಲಿ ಮರದ ಗಾಣ ಹಾಕುತ್ತೇನೆ ಅಂದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಅಷ್ಟು ದೊಡ್ಡ ಮಿಲ್ಲುಗಳೇ ನಿಲ್ಲಲಿಲ್ಲ, ನೀನು ಹೆಂಗೆ ನಿಲ್ತೀಯಾ?"

ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಲೆಕ್ಕದಲ್ಲೇ ಸಿಗಬೇಕಿತ್ತು, ಸಿಕ್ಕಿತು ಕೂಡ. ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಡಿಗ್ರಿ ಮುಗಿಸಿದ ಹುಡುಗರು, ಹುಡುಗಿಯರು ಏನಾದರೂ ಸ್ವಂತದ್ದು ಮಾಡಬೇಕು ಅಂತ ನನ್ನನ್ನು ಕೇಳುತ್ತಿರುತ್ತಾರೆ. ಎಲ್ಲರೂ ಕೇಳುವುದು ಮಷಿನ್ ಬಗ್ಗೆ, ಸಾಲದ ಬಗ್ಗೆ, ಇನ್‌ಸ್ಟಾಗ್ರಾಂ ಬಗ್ಗೆ. ಶೇಂಗಾ ಕಾಳು ಎಲ್ಲಿ ಕೊಳ್ಳುತ್ತೀರಿ, ಯಾವಾಗ ಕೊಳ್ಳುತ್ತೀರಿ ಅಂತ ಕೇಳುವವರು ಕಡಿಮೆ. ನನ್ನ ವ್ಯಾಪಾರ ನಿಂತಿರುವುದು ಮಾತ್ರ ಅದರ ಮೇಲೇ.

ಶುರುವಿನಲ್ಲಿ ಒಂದೇ ಗಾಣ ಇತ್ತು. ಸ್ವಂತ ಎಣ್ಣೆ ಮಾರುವ ಗೋಜಿಗೆ ಹೋಗಲಿಲ್ಲ. ಕೂಲಿ ಗಾಣ ಮಾಡಿದೆ. ಅಂದರೆ ರೈತರು ತಾವೇ ಕಾಳು ತರುತ್ತಾರೆ, ನಾವು ಆಡಿಸಿ ಕೊಡುತ್ತೇವೆ, ಕೆಜಿಗೆ ಇಷ್ಟು ಅಂತ ಕೂಲಿ. ಎಣ್ಣೆಯೂ ಅವರದ್ದೇ, ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯೂ ಅವರದ್ದೇ. ಬಂಡವಾಳ ಇಲ್ಲದವನಿಗೆ ಇದಕ್ಕಿಂತ ಒಳ್ಳೆಯ ಶುರು ಇಲ್ಲ ಅಂತ ಇವತ್ತಿಗೂ ನಂಬಿದ್ದೇನೆ. ಕಾಳಿನ ಮೇಲೆ ನಮ್ಮ ದುಡ್ಡು ಒಂದು ರೂಪಾಯಿಯೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಕೂಲಿ ಅವತ್ತಿನದು ಅವತ್ತೇ ಕೈಗೆ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಸುತ್ತಮುತ್ತಲ ಹೊಲಗಳ ಕಾಳೆಲ್ಲ ನಮ್ಮ ಕೈ ಮೇಲೆ ಹಾದು ಹೋಗುತ್ತದೆ.

ಆಗ ಒಂದು ನೋಟ್ ಪುಸ್ತಕ ಇಟ್ಟೆ. ಯಾವ ಊರು, ಕೆಂಪು ನೆಲವೋ ಕಪ್ಪು ನೆಲವೋ, ಯಾವ ತಳಿ, ಎಷ್ಟು ಕೆಜಿ ಕಾಳು, ಎಷ್ಟು ಎಣ್ಣೆ, ಎಷ್ಟು ಹಿಂಡಿ. ನಮ್ಮಲ್ಲಿ ಟಿಎಂವಿ-2 ತಳಿ ಜಾಸ್ತಿ. ಒಂದೇ ತಳಿ, ಅಕ್ಕಪಕ್ಕದ ಊರು, ಆದರೂ ಎಣ್ಣೆಯಲ್ಲಿ ವ್ಯತ್ಯಾಸ ಕಾಣಿಸುತ್ತಿತ್ತು. ಕಾಯಿ ಕಟ್ಟುವ ಹೊತ್ತಿಗೆ ಒಂದು ಮಳೆ ಬಿದ್ದ ಹೊಲದ ಕಾಳು ತುಂಬಿಕೊಂಡಿರುತ್ತಿತ್ತು, ಮಳೆ ತಪ್ಪಿದ ಕಡೆ ಸೊರಗಿರುತ್ತಿತ್ತು. ಮುಂದೆ ನಾನು ಸ್ವಂತಕ್ಕೆ ಕಾಳು ಕೊಳ್ಳಲು ಹೊರಟಾಗ ಈ ಪುಸ್ತಕವೇ ದಾರಿ ತೋರಿಸಿತು. ಯಾರ ಹೊಲದ ಬಾಗಿಲಿಗೆ ಹೋಗಬೇಕು ಅಂತ ಮೊದಲೇ ಗೊತ್ತಿತ್ತು.

ಗಾಣದ ಕೆಲಸ ಕಣ್ಣಿಗೂ ಕೈಗೂ ಸೇರಿದ್ದು. ಒಂದು ಸಲಕ್ಕೆ ಸುಮಾರು 15 ಕೆಜಿ ಕಾಳು ಹಾಕುತ್ತೇವೆ. ಒನಕೆ ತಿರುಗಲು ಶುರುವಾದ ಮೇಲೆ ಕಾಳು ಮೊದಲು ನುಚ್ಚಾಗುತ್ತದೆ, ಆಮೇಲೆ ಮುದ್ದೆ ಕಟ್ಟುತ್ತದೆ. ಆ ಹೊತ್ತಿಗೆ ಸರಿಯಾಗಿ ಒಂದಿಷ್ಟು ನೀರು ಚಿಮುಕಿಸಬೇಕು. ಕಡಿಮೆಯಾದರೆ ಎಣ್ಣೆ ಹಿಂಡಿಯಲ್ಲೇ ಉಳಿದುಬಿಡುತ್ತದೆ. ಜಾಸ್ತಿಯಾದರೆ ಎಣ್ಣೆ ಮಬ್ಬಾಗುತ್ತದೆ, ಬೇಗ ಕಮಟು ವಾಸನೆ ಹಿಡಿಯುತ್ತದೆ. ಎಷ್ಟು ನೀರು ಅನ್ನುವುದು ಅವತ್ತಿನ ಕಾಳಿನ ತೇವದ ಮೇಲೆ ಹೋಗುತ್ತದೆ. ಬೆರಳಲ್ಲಿ ಹಿಂಡಿ ಹಿಸುಕಿ ನೋಡಿದರೆ ಗೊತ್ತಾಗುತ್ತದೆ. ಬಂದ ಎಣ್ಣೆಯನ್ನು ಸ್ಟೀಲ್ ಡ್ರಮ್ಮಿನಲ್ಲಿ ಎರಡು ಮೂರು ದಿನ ಅಲುಗಾಡಿಸದೆ ಬಿಡುತ್ತೇವೆ. ಗಸಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಎಣ್ಣೆ ಮಾತ್ರ ಬಾಟಲಿಗೆ.

ಈಗ ಲೆಕ್ಕ. ಕಾಳು ಕೆಜಿಗೆ 100 ರೂಪಾಯಿ ಅಂತ ಇಟ್ಟುಕೊಳ್ಳಿ. ಕ್ವಿಂಟಲ್ ಕಾಳಿಗೆ 10,000. ಮರದ ಗಾಣದಲ್ಲಿ ಅದರಿಂದ ಸುಮಾರು 40 ಕೆಜಿ ಎಣ್ಣೆ ಬರುತ್ತದೆ. ಶೇಂಗಾ ಎಣ್ಣೆ ಒಂದು ಲೀಟರಿಗೆ ಸುಮಾರು 910 ಗ್ರಾಂ ತೂಗುತ್ತದೆ, ಹಾಗಾಗಿ 40 ಕೆಜಿ ಅಂದರೆ ಹತ್ತಿರ ಹತ್ತಿರ 44 ಲೀಟರ್. ಹಿಂಡಿ 57-58 ಕೆಜಿ. ಹಿಂಡಿ ಕೆಜಿಗೆ 40 ರೂಪಾಯಿಯಂತೆ ಹೋದರೆ 2,300 ವಾಪಸ್ ಬಂತು. ಉಳಿದ 7,700 ರೂಪಾಯಿಯನ್ನು 44 ಲೀಟರಿಗೆ ಹಂಚಿದರೆ ಲೀಟರಿಗೆ 175 ರೂಪಾಯಿ. ಅದರ ಮೇಲೆ ಬಾಟಲಿ, ಲೇಬಲ್, ಕರೆಂಟು, ಸಂಬಳ, ಸಾಗಾಟ ಸೇರಬೇಕು.

ಇದೇ ಕಾಳು 110 ಆದರೆ? ಲೀಟರಿಗೆ 23 ರೂಪಾಯಿ ಏರುತ್ತದೆ. ಬಾಟಲಿಯಲ್ಲಿ ಎರಡು ರೂಪಾಯಿ, ಲೇಬಲ್‌ನಲ್ಲಿ ಒಂದು ರೂಪಾಯಿ ಉಳಿಸಲು ನಾವು ಎಷ್ಟು ಒದ್ದಾಡುತ್ತೇವೆ! ಕಾಳು ಕೊಳ್ಳುವಾಗ ಹತ್ತು ರೂಪಾಯಿ ಹೆಚ್ಚಾದರೆ ಆ ಉಳಿತಾಯವೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಗಿರಾಕಿಗೆ ಪ್ರತಿ ತಿಂಗಳೂ ರೇಟು ಏರಿಸಲು ಆಗುವುದಿಲ್ಲ, ಅಲ್ವಾ? ಹಾಗಾಗಿ ನಮ್ಮ ಲಾಭ ಬಹುಪಾಲು ತೀರ್ಮಾನವಾಗುವುದು ಸುಗ್ಗಿಯಲ್ಲಿ.

ನಮ್ಮ ಕಡೆ ಮಳೆಯಾಶ್ರಿತ ಶೇಂಗಾ ಜೂನ್ ಕೊನೆ, ಜುಲೈನಲ್ಲಿ ಬಿತ್ತನೆ. ಅಕ್ಟೋಬರ್, ನವೆಂಬರಿಗೆ ಕೀಳುತ್ತಾರೆ. ಮಾರುಕಟ್ಟೆಗೆ ಮಾಲು ತುಂಬಿ ಬರುವ ಹೊತ್ತು ಅದೇ. 2024-25ರಲ್ಲಿ ಕೇಂದ್ರದ ಬೆಂಬಲ ಬೆಲೆ ಕಾಯಿಗೆ ಕ್ವಿಂಟಲ್‌ಗೆ 6,783 ರೂಪಾಯಿ ಇತ್ತು. ಕ್ವಿಂಟಲ್ ಕಾಯಿ ಸುಲಿಸಿದರೆ ಸುಮಾರು 70 ಕೆಜಿ ಕಾಳು. ಅಂದರೆ ಕಾಳು ಕೆಜಿಗೆ 97 ಬಿತ್ತು, ಸುಲಿಸಿದ ಖರ್ಚು ಬೇರೆ. ಬೆಂಬಲ ಬೆಲೆಗಿಂತ ಕೆಳಗೆ ಸಿಗುತ್ತದೆ ಅಂತ ರೈತನ ಕೊರಳು ಹಿಸುಕಿ ಕೊಳ್ಳುವುದು ನನಗೆ ಬೇಡ. ಅವನೂ ನನ್ನ ಮನೆಯವನೇ, ಮುಂದಿನ ವರ್ಷ ಒಳ್ಳೆಯ ಮಾಲು ನನಗೇ ಕೊಡಬೇಕಾದವನು. ಹೊಲದ ಹತ್ತಿರವೇ ತೂಕ ಮಾಡಿ, ಅಲ್ಲೇ ಫೋನ್‌ಪೇ ಮಾಡುತ್ತೇನೆ. ಅವರಿಗೆ ಸಾಗಾಟದ ಖರ್ಚು ಉಳಿಯುತ್ತದೆ, ನನಗೆ ಆರಿಸಿದ ಮಾಲು ಸಿಗುತ್ತದೆ.

ಕೊಂಡಿದ್ದನ್ನು ಕಾಯಿಯಾಗಿಯೇ ಇಡುತ್ತೇನೆ. ಸಿಪ್ಪೆಯೊಳಗಿನ ಕಾಳು ಹೆಚ್ಚು ದಿನ ತಾಳುತ್ತದೆ. ಬೇಕಾದಾಗ ಬೇಕಾದಷ್ಟೇ ಸುಲಿಸುವುದು.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಒದ್ದೆ ಕಾಯಿ ಚೀಲಕ್ಕೆ ಹೋದರೆ ಬೂಷ್ಟು ಬರುತ್ತದೆ. ಆ ಬೂಷ್ಟು ಅಫ್ಲಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. ಲಿವರಿಗೆ ಕೆಟ್ಟದ್ದು, ಕ್ಯಾನ್ಸರ್ ತರುವಂಥದ್ದು. ದೊಡ್ಡ ಕಾರ್ಖಾನೆಯಲ್ಲಿ ರಿಫೈನ್ ಮಾಡುವಾಗ ಇದು ಹೋಗುತ್ತದೆ. ನಮ್ಮದು ರಿಫೈನ್ ಮಾಡದ ಎಣ್ಣೆ. ಹಾಗಾಗಿ ತಡೆಯಬೇಕಾದ್ದು ಗಾಣಕ್ಕೆ ಹಾಕುವ ಮೊದಲೇ. ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಹಿಂಡಿ ತಿಂದ ಹಸುವಿನ ಹಾಲಿಗೂ ಇಳಿಯುತ್ತದೆ. ನಮ್ಮ ಹಿಂಡಿ ಕೊಳ್ಳುವವರು ಊರಿನ ಡೈರಿಗೆ ಹಾಲು ಹಾಕುವವರು. ಆ ಹಾಲು ಕುಡಿಯುವ ಮಕ್ಕಳು ನಮ್ಮ ಬೀದಿಯಲ್ಲೇ ಇದ್ದಾರೆ.

ಅದಕ್ಕೇ ಕಾಯಿ ಅಲುಗಾಡಿಸಿ ಕಾಳು ಗಲಗಲ ಅನ್ನುವವರೆಗೆ ಒಣಗದೆ ಕೊಳ್ಳುವುದಿಲ್ಲ. ಕಾಳಿನ ತೇವ ಶೇ 8ರ ಒಳಗೆ ಬರಬೇಕು, ತೇವ ನೋಡುವ ಮೀಟರ್ ಇಟ್ಟಿದ್ದೇನೆ. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆ ಮೇಲೆ, ಗೋಡೆಯಿಂದ ದೂರ ಇಡುತ್ತೇವೆ. ಸುಲಿದ ಕಾಳನ್ನು ಹೆಂಗಸರು ಕೂತು ಕೈಯಲ್ಲಿ ಆರಿಸುತ್ತಾರೆ. ಮುರುಟಿದ್ದು, ಬಣ್ಣ ಕೆಟ್ಟಿದ್ದು, ಮುರಿದು ಕಪ್ಪಾದದ್ದು ಎಲ್ಲ ಹೊರಗೆ. ಹೊರಗೆ ಅಂದರೆ ಹೊರಗೇ, ಹಿಂಡಿಗೂ ಸೇರಿಸುವುದಿಲ್ಲ. ಇಲ್ಲಿ ಕೂಲಿ ಉಳಿಸಬೇಡಿ ಅಂತ ಗಾಣ ಹಾಕುವ ಎಲ್ಲರಿಗೂ ಕೈಮುಗಿದು ಕೇಳುತ್ತೇನೆ.

ಸುಗ್ಗಿಯಲ್ಲಿ ವರ್ಷದ ಮಾಲು ಕೊಳ್ಳಲು ದುಡ್ಡು ಎಲ್ಲಿಂದ? ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಮಷಿನ್ನಿಗೆ ಸಾಲ ಸಿಗುತ್ತದೆ. ನಾನು ಸಾಲ ಮಾಡಿದಾಗ ಕಿರು ಆಹಾರ ಉದ್ಯಮಗಳಿಗೆ ಕೇಂದ್ರ ಸರ್ಕಾರ 2020ರಲ್ಲಿ ತಂದ ಪಿಎಂಎಫ್‌ಎಂಇ ಅನ್ನುವ ಸಬ್ಸಿಡಿ ಯೋಜನೆ ಇತ್ತು. ಅದರ 'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಗೆ ಬಂದಿದ್ದು ಶೇಂಗಾ. ಯೋಜನೆಯ ಶೇ 35ರ ಜೊತೆ ನಮ್ಮ ರಾಜ್ಯ ಇನ್ನೂ ಶೇ 15 ಸೇರಿಸಿ, ಒಟ್ಟು ಅರ್ಧದಷ್ಟು ಸಬ್ಸಿಡಿ ಇತ್ತು, ಗರಿಷ್ಠ 15 ಲಕ್ಷ. ನಾನೂ ಎರಡನೇ ಗಾಣ, ಸುಲಿಯುವ ಮಷಿನ್ ಅದರಲ್ಲೇ ತೆಗೆದುಕೊಂಡೆ. ಆದರೆ ಸಬ್ಸಿಡಿ ಅಂದರೆ ಕೈಗೆ ಬರುವ ನಗದು ಅಂತ ತಿಳಿಯಬೇಡಿ. ಅದು ಸಾಲಕ್ಕೆ ಎದುರಾಗಿ ಮೂರು ವರ್ಷ ಬ್ಯಾಂಕಿನಲ್ಲೇ ಇರುತ್ತದೆ. ಕಂತು ಸರಿಯಾಗಿ ಕಟ್ಟಿ, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಹೊಂದಿಕೆಯಾಗುತ್ತದೆ. ಮಷಿನ್ ಬಂತು, ಕಾಳಿಗೆ ಕಾಸಿಲ್ಲ ಅಂತ ಬೀಗ ಹಾಕಿದ ಗಾಣಗಳನ್ನು ನಮ್ಮ ಸುತ್ತಲೇ ನೋಡಿದ್ದೇನೆ. ಎದೆ ಚುರುಕ್ ಅನ್ನುತ್ತದೆ.

ನಾನು ಮಾಡಿದ್ದು ಎರಡು ಕೆಲಸ. ಮೊದಲನೆಯದು, ಮಷಿನ್ ಸಾಲದ ಜೊತೆಯಲ್ಲೇ ದುಡಿಯುವ ಬಂಡವಾಳಕ್ಕೆ, ಅಂದರೆ ಮಾಲು ಕೊಳ್ಳುವ ದುಡ್ಡಿಗೆ, ಬೇರೆ ಸಾಲದ ಮಿತಿ ಕೇಳಿದೆ. ಬ್ಯಾಂಕಿನವರಿಗೆ ನೋಟ್ ಪುಸ್ತಕ ತೋರಿಸಿದೆ. ಬಾಯಿಮಾತಿಗಿಂತ ಆ ಪುಟಗಳು ಜಾಸ್ತಿ ಕೆಲಸ ಮಾಡಿದವು. ಎರಡನೆಯದು ಗಿರಾಕಿಗಳಿಂದಲೇ ಮುಂಗಡ. ನವೆಂಬರಿನಲ್ಲಿ ಆರು ತಿಂಗಳ ಎಣ್ಣೆಗೆ ದುಡ್ಡು ಕೊಟ್ಟವರಿಗೆ ಅಷ್ಟೂ ದಿನ ಅದೇ ರೇಟು. ಮಧ್ಯೆ ಕಾಳು ಎಷ್ಟೇ ಏರಲಿ, ಅವರಿಗೆ ಏರಿಸುವುದಿಲ್ಲ. ಆ ದುಡ್ಡು ಬೇರೆ ಖಾತೆಯಲ್ಲಿ ಇಡುತ್ತೇನೆ, ಕಾಯಿ ಕೊಳ್ಳಲು ಬಿಟ್ಟು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ.

ಮುಂಗಡ ಕೊಡುವಷ್ಟು ನಂಬಿಕೆ ಸುಮ್ನೆ ಬರುವುದಿಲ್ಲ. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ದಾವಣಗೆರೆ, ಚಿತ್ರದುರ್ಗದ ಮನೆಗಳವರು. ದಾವಣಗೆರೆಯವರಿಗೆ ಎಣ್ಣೆ ರುಚಿ ಗೊತ್ತು. ಖಾರ ಮಂಡಕ್ಕಿಗೆ ಒಗ್ಗರಣೆ ಹಾಕಿದ ಕೂಡಲೇ ಶೇಂಗಾ ಎಣ್ಣೆ ಯಾವುದು, ಬೆರಕೆ ಯಾವುದು ಹೇಳಿಬಿಡುತ್ತಾರೆ. ಮೊದಮೊದಲು ಕಾಲು ಲೀಟರಿನ ಬಾಟಲಿ ಮಾಡಿ ಕೊಟ್ಟೆ. ಮಂಡಕ್ಕಿ ಮಾಡಿ ನೋಡಿ, ಹಿಡಿಸಿದರೆ ಫೋನ್ ಮಾಡಿ ಅಂದೆ. ಒಂದು ಮನೆಗೆ ಹಿಡಿಸಿದರೆ ಅದೇ ಬೀದಿಯ ನಾಲ್ಕು ಮನೆ ಸೇರುತ್ತಿದ್ದವು. ಯಾರ ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ಅಂತ ಪಟ್ಟಿ ಇದೆ. ಅವರ ಡಬ್ಬಿ ಖಾಲಿಯಾಗುವ ಹೊತ್ತಿಗೆ ನಮ್ಮಿಂದಲೇ ವಾಟ್ಸಾಪ್ ಹೋಗುತ್ತದೆ. ಬಡಾವಣೆಗೆ ಒಂದು ವಾರ ಅಂತ ಗೊತ್ತುಮಾಡಿ ಒಟ್ಟಿಗೆ ತಲುಪಿಸುತ್ತೇವೆ, ಡೀಸೆಲ್ ಉಳಿಯುತ್ತದೆ.

ಅಂಗಡಿಗಳಿಗೂ ಕೊಟ್ಟಿದ್ದೆ. ಒಂದು ಅಂಗಡಿಯವರು ಉದ್ರಿ ತೆಗೆದುಕೊಂಡು ತಿಂಗಳುಗಟ್ಟಲೆ ಸತಾಯಿಸಿದರು. ಅಲ್ಲಿ ನಿಂತ ದುಡ್ಡಿನಲ್ಲಿ ಸುಗ್ಗಿಯ ಕಾಯಿ ಬರಬೇಕಿತ್ತು. ಅವತ್ತಿನಿಂದ ಅಂಗಡಿಗೆ ನಗದು ಮಾತ್ರ. ಮಾರಾಟ ಸ್ವಲ್ಪ ಕಡಿಮೆಯಾಯಿತು, ನಿದ್ದೆ ಚೆನ್ನಾಗಿ ಬಂತು.

ಕಾಗದ ಪತ್ರದ ಕೆಲಸ ಹೆದರುವಂಥದ್ದಲ್ಲ. ನಾನು ಶುರು ಮಾಡಿದಾಗ ವರ್ಷಕ್ಕೆ 12 ಲಕ್ಷದವರೆಗಿನ ವಹಿವಾಟಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಬೇಸಿಕ್ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಸರ್ಕಾರದಲ್ಲಿ ಸಣ್ಣ ಉದ್ದಿಮೆ ಅಂತ ಹೆಸರು ಬರೆಸುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಖಾದ್ಯ ತೈಲವನ್ನು ಬಿಡಿಯಾಗಿ ಅಳೆದು ಮಾರುವಂತಿಲ್ಲ, ಪ್ಯಾಕ್ ಮಾಡಿಯೇ ಮಾರಬೇಕು. ಲೇಬಲ್ ಮೇಲೆ ಲೀಟರಿನ ಜೊತೆ ತೂಕವನ್ನೂ ಹಾಕಬೇಕು. ಗಿರಾಕಿಗೂ ಅದು ಒಳ್ಳೆಯದೇ, ಬೇರೆ ಬಾಟಲಿ ಪಕ್ಕ ಇಟ್ಟು ಹೋಲಿಸಬಹುದು.

ಈಗ ಎಲ್ಲರೂ ಮೂರನೇ ಗಾಣ ಹಾಕು ಅನ್ನುತ್ತಿದ್ದಾರೆ. ನಾನು ಹಾಕುತ್ತಿಲ್ಲ. ಮೇ, ಜೂನ್ ಹೊತ್ತಿಗೆ ನಮ್ಮ ಕಾಯಿ ಮುಗಿದು, ಇರುವ ಎರಡು ಗಾಣಕ್ಕೇ ಮಂಡಿಯಿಂದ ದುಬಾರಿ ಕಾಳು ತರಬೇಕಾಗುತ್ತದೆ. ಕಾಯಿ ಇಡಲು ಜಾಗ ಸಾಲದು. ಹಾಗಾಗಿ ಈ ವರ್ಷದ ಉಳಿತಾಯ ಪೂರ್ತಿ ಗೋಡೌನಿಗೆ ಹೋಗುತ್ತಿದೆ. ನೆಲ ಎತ್ತರಿಸಿ ಕಾಂಕ್ರೀಟ್ ಹಾಕಿಸಿದ್ದೇವೆ, ಗಾಳಿಗೆ ಎರಡೂ ಕಡೆ ಜಾಲರಿ ಬಿಟ್ಟಿದ್ದೇವೆ, ಮೇಲಿನ ಷೀಟು ಬಾಕಿ ಇದೆ. ಅಕ್ಟೋಬರಿಗೆ ಮುಂಚೆ ಮುಗಿಯಬೇಕು. ಗಾಣ ಹಾಕಬೇಕು ಅಂತ ಮನಸ್ಸಿರುವವರು ಸುಗ್ಗಿ ಹೊತ್ತಿಗೆ ನಮ್ಮ ಕಡೆ ಬಂದರೆ ಹೊಲಕ್ಕೆ ಜೊತೆಯಲ್ಲಿ ಕರೆದುಕೊಂಡು ಹೋಗುತ್ತೇನೆ. ಎರಡು ದಿನ ಕಾಯಿ ಒಡೆದು, ಕಾಳು ನೋಡಿ, ರೇಟು ಮಾತಾಡಿ, ತೂಕ ಹಾಕಿಸಿ. ಮಷಿನ್ ಕೊಟೇಶನ್ ಆಮೇಲೆ ತೆಗೆದುಕೊಳ್ಳಬಹುದು.