ಆಟಗಾರನ ಸಹಿ ಇದ್ದರೆ ನಾಣ್ಯದ ಬೆಲೆ ಏರುತ್ತದಾ? ಲೆಕ್ಕ ಹಾಕುವುದು ಹೀಗೆ

2014ರಲ್ಲಿ ಅಮೆರಿಕದ ಟಂಕಸಾಲೆ ಅಲ್ಲಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್ (ಶ್ರೇಷ್ಠ ಆಟಗಾರರನ್ನು ಗೌರವಿಸುವ ಸಂಸ್ಥೆ) ನೆನಪಿಗೆ ಮೂರು ನಾಣ್ಯ ಹೊರತಂದಿತು. ಒಂದು ಮುಖ ಗ್ಲೌಸಿನ ಹಾಗೆ ತಗ್ಗು, ಇನ್ನೊಂದು ಚೆಂಡಿನ ಹಾಗೆ ಉಬ್ಬು. ಆ ಟಂಕಸಾಲೆ ಬಾಗಿದ ನಾಣ್ಯ ಹೊಡೆದದ್ದು ಅದೇ ಮೊದಲು. ಐದು ಡಾಲರಿನ ಚಿನ್ನದ ನಾಣ್ಯಕ್ಕೆ 50 ಸಾವಿರ, ಒಂದು ಡಾಲರಿನ ಬೆಳ್ಳಿಯದಕ್ಕೆ 4 ಲಕ್ಷ ನಾಣ್ಯ ಮಾತ್ರ ಅಂತ ಮಿತಿ ಇತ್ತು. ಎರಡೂ ಪೂರ್ತಿ ಮಾರಾಟವಾದವು. ಆಮೇಲೆ ಇವೇ ನಾಣ್ಯಗಳು ಆಟಗಾರರ ಸಹಿಯ ಜೊತೆ, ಜಾಸ್ತಿ ಬೆಲೆಗೆ ಮಾರುಕಟ್ಟೆಗೆ ಬಂದವು. ಅಮೆರಿಕದಲ್ಲಿರುವ ಮಗಳೋ ತಮ್ಮನೋ ಇಂಥದ್ದನ್ನು ನಿಮಗೆ ಕಳಿಸಿರಬಹುದು, ಇಲ್ಲವೇ ಆನ್‌ಲೈನ್‌ನಲ್ಲಿ ನೋಡಿ ಆಸೆಯಾಗಿರಬಹುದು. ಕೊಳ್ಳುವ ಮೊದಲು ಹೀಗೆ ಮಾಡಿ.

ಸಹಿ ಎಲ್ಲಿದೆ, ನೋಡಿ

ಸಹಿ ಇರುವುದು ನಾಣ್ಯದ ಮೇಲಲ್ಲ. ಪಿಸಿಜಿಎಸ್, ಎನ್‌ಜಿಸಿ ಎಂಬ ಗ್ರೇಡಿಂಗ್ ಕಂಪನಿಗಳು ನಾಣ್ಯವನ್ನು ಪರೀಕ್ಷಿಸಿ ಗಟ್ಟಿ ಪ್ಲಾಸ್ಟಿಕ್ ಸ್ಲ್ಯಾಬ್‌ನಲ್ಲಿ ಮುಚ್ಚುತ್ತವೆ. ಅದರೊಳಗೆ ಒಂದು ಕಾಗದದ ಲೇಬಲ್ ಇರುತ್ತದೆ. ಆಟಗಾರ ಸಹಿ ಹಾಕುವುದು ಆ ಲೇಬಲ್ಲಿಗೆ. ಎಷ್ಟೋ ಸಲ ಅವರು ನಾಣ್ಯವನ್ನು ಕಣ್ಣಿಂದಲೂ ನೋಡಿರುವುದಿಲ್ಲ. ಲೇಬಲ್ಲುಗಳ ಕಟ್ಟು ಹೋಗುತ್ತದೆ, ಸಹಿಯಾಗಿ ವಾಪಸ್ ಬರುತ್ತದೆ, ಅಷ್ಟೇ.

ಮಾರ್ಕರ್ ಪೆನ್ನಿನಲ್ಲಿ ನಾಣ್ಯದ ಮೇಲೇ ಗೀಚಿದ್ದರೆ ಅದು ಹಾಳಾದ ನಾಣ್ಯ. ಕಂಪನಿಗಳು ಅದಕ್ಕೆ ಸರಿಯಾದ ಅಂಕ ಕೊಡುವುದಿಲ್ಲ. ನಮ್ಮ 1982ರ ಏಷ್ಯಾಡ್ ನಾಣ್ಯಕ್ಕೋ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಐದು ರೂಪಾಯಿಗೋ ಯಾರ ಕೈಲಾದರೂ ಸಹಿ ಹಾಕಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಸಹಿಗೆ ಬೇರೆ ಕಾಗದ ಹಿಡಿಯಿರಿ. ಸ್ಲ್ಯಾಬ್‌ನ ಹೊರಗಿನ ಪ್ಲಾಸ್ಟಿಕ್ ಮೇಲೆ ಹಾಕಿದ ಸಹಿಯೂ ಅನುಮಾನದ್ದೇ. ಅದು ಉಜ್ಜಿದರೆ ಹೋಗುತ್ತದೆ, ಯಾವಾಗ ಯಾರು ಹಾಕಿದರೋ ಗೊತ್ತಿಲ್ಲ.

ಇನ್ನೊಂದು ಬಲೆ ಇದೆ. ಕೆಲವು ಲೇಬಲ್ಲುಗಳಲ್ಲಿ ಸಹಿ ಅಚ್ಚಾಗಿರುತ್ತದೆ, ಕೈಯಲ್ಲಿ ಬರೆದದ್ದಲ್ಲ. ಇದಕ್ಕೆ ಸಹಿಯ ಬೆಲೆ ಕೊಡಬಾರದು. ಮಾರುವವರು ಬರೆದ ವಿವರವನ್ನಷ್ಟೇ ನಂಬಬೇಡಿ. ಸ್ಲ್ಯಾಬ್ ಮೇಲಿನ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ.

ಸಹಿ ಮರೆತು ನಾಣ್ಯದ ಬೆಲೆ ಹಿಡಿಯಿರಿ

ಬೆಳ್ಳಿ ಡಾಲರಿನ ತೂಕ 26.73 ಗ್ರಾಂ, ಅದರಲ್ಲಿ ಶೇ 90 ಬೆಳ್ಳಿ. ಅಂದರೆ ಸುಮಾರು 24 ಗ್ರಾಂ. ಚಿನ್ನದ್ದು 8.359 ಗ್ರಾಂ, ಅಪ್ಪಟ ಚಿನ್ನ ಏಳೂವರೆ ಗ್ರಾಂನಷ್ಟು. ಇವತ್ತಿನ ದರಕ್ಕೆ ಗುಣಿಸಿದರೆ ತಳಬೆಲೆ ಸಿಕ್ಕಿತು. ಮೂರನೆಯದಾದ ಅರ್ಧ ಡಾಲರಿನಲ್ಲಿ ಬರೀ ತಾಮ್ರ, ನಿಕಲ್. ಅದಕ್ಕೆ ಲೋಹದ ಆಸರೆಯೇ ಇಲ್ಲ.

ಆಮೇಲೆ ಗ್ರೇಡ್. ಅಳತೆ 1ರಿಂದ 70ರವರೆಗೆ. 70 ಅಂದ ಕೂಡಲೇ ಬಾಯಿ ಬಿಡಬೇಡಿ. ಈಗಿನ ಟಂಕಸಾಲೆಗಳ ಕೆಲಸ ಅಚ್ಚುಕಟ್ಟು. ನೇರ ಪೆಟ್ಟಿಗೆಯಿಂದ ಬಂದ ಸ್ಮರಣಾರ್ಥ ನಾಣ್ಯಗಳು 69, 70 ಪಡೆಯುವುದು ಮಾಮೂಲು. ಯಾವ ಗ್ರೇಡಿನವು ಎಷ್ಟಿವೆ ಅಂತ ಆ ಕಂಪನಿಗಳೇ ಪಟ್ಟಿ ಪ್ರಕಟಿಸುತ್ತವೆ.

ಸಹಿ ಯಾರದ್ದು, ಎಷ್ಟು ಸಲ ಹಾಕಿದ್ದಾರೆ

ಇಲ್ಲೇ ಹೆಚ್ಚು ಜನ ಎಡವುತ್ತಾರೆ. ಹೆಸರು ದೊಡ್ಡದಾದ ಮಾತ್ರಕ್ಕೆ ಸಹಿ ಅಪರೂಪ ಆಗುವುದಿಲ್ಲ. ಪೀಟ್ ರೋಸ್ ಅವರನ್ನೇ ನೋಡಿ. ಬೇಸ್‌ಬಾಲ್‌ನಲ್ಲಿ ಅತಿ ಹೆಚ್ಚು ಹಿಟ್, 4,256, ಅವರದೇ ದಾಖಲೆ. ಜೂಜಿನ ಪ್ರಕರಣದಲ್ಲಿ 1989ರಲ್ಲಿ ನಿಷೇಧಕ್ಕೆ ಒಳಗಾದರು. ಆಮೇಲೆ ವರ್ಷಗಟ್ಟಲೆ ಲಾಸ್ ವೇಗಸ್‌ನಲ್ಲಿ ಕೂತು, ದುಡ್ಡು ಕೊಟ್ಟವರಿಗೆಲ್ಲ ಸಹಿ ಹಾಕಿದರು. ಅಷ್ಟು ದೊಡ್ಡ ಆಟಗಾರನ ಸಹಿ ಅಗ್ಗದಲ್ಲಿ ಸಿಗಲು ಇದೇ ಕಾರಣ. ಹಳೇ ದಿಗ್ಗಜರ ಕಥೆ ಬೇರೆ. ಬೇಬ್ ರೂತ್ ತೀರಿಕೊಂಡದ್ದು 1948ರಲ್ಲಿ, ಜಾಕಿ ರಾಬಿನ್ಸನ್ 1972ರಲ್ಲಿ. ಅವರು 2014ರ ಲೇಬಲ್ಲಿಗೆ ಸಹಿ ಹಾಕಲು ಹೇಗೆ ಸಾಧ್ಯ, ಅಲ್ವಾ? ಹಳೇ ಕಾಗದದಿಂದ ಕತ್ತರಿಸಿದ ಸಹಿ ಅಂತ ಯಾರಾದರೂ ಹೇಳಿದರೆ ಅದಕ್ಕೆ ಬೇರೆಯೇ ಪ್ರಮಾಣಪತ್ರ ಕೇಳಿ.

ನಕಲಿ ಸಹಿಯ ಭಯ ಸುಮ್ನೆ ಅಲ್ಲ. 1990ರ ದಶಕದಲ್ಲಿ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಹೆಸರಿನಲ್ಲಿ ಇಂಥ ಜಾಲವನ್ನು ಬೆನ್ನಟ್ಟಿತು. ಆಗ ಮದರ್ ತೆರೇಸಾ ಸಹಿ ಇದ್ದ ಬೇಸ್‌ಬಾಲ್ ಚೆಂಡೂ ಸಿಕ್ಕಿತ್ತು! ಈ ವಿಷಯದಲ್ಲಿ ಸ್ಲ್ಯಾಬ್ ಒಳಗಿನ ಸಹಿ ವಾಸಿ. ಕಂಪನಿಯೇ ಆಟಗಾರನ ಜೊತೆ ಒಪ್ಪಂದ ಮಾಡಿಕೊಂಡು ಹಾಕಿಸಿರುತ್ತದೆ. ಆದರೆ ಒಪ್ಪಂದ ಅಂದಮೇಲೆ ನೂರಾರು, ಸಾವಿರಾರು ಲೇಬಲ್. ನಂಬಿಕೆ ಜಾಸ್ತಿ, ಅಪರೂಪ ಕಮ್ಮಿ.

ಮೂರು ಬೆಲೆ ಬರೆದು ಕಳೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಅದೇ ನಾಣ್ಯ, ಅದೇ ಗ್ರೇಡ್, ಸಾದಾ ಲೇಬಲ್: ಇದರ ಬೆಲೆ ಬರೆಯಿರಿ. ಸಹಿ ಲೇಬಲ್‌ನದು ಬರೆಯಿರಿ. ಅದೇ ಆಟಗಾರ ಸಹಿ ಹಾಕಿದ, ಪಿಎಸ್‌ಎ ಅಥವಾ ಜೆಎಸ್‌ಎ ಎಂಬ ಸಹಿ ಪರೀಕ್ಷಿಸುವ ಕಂಪನಿ ದೃಢೀಕರಿಸಿದ ಚೆಂಡಿನದೋ ಕಾರ್ಡಿನದೋ ಬೆಲೆಯನ್ನೂ ಬರೆಯಿರಿ. ಮಾರುವವರು ಕೇಳುತ್ತಿರುವ ಬೆಲೆ ಬೇಡ, ಮಾರಾಟವಾದ ಬೆಲೆ ಬೇಕು. ಇಬೇನಲ್ಲಿ 'ಸೋಲ್ಡ್' ಎಂಬ ಆಯ್ಕೆ ಇದೆ. ಹೆರಿಟೇಜ್ ಆಕ್ಷನ್ಸ್ ಎಂಬ ಹರಾಜು ಸಂಸ್ಥೆಯ ಹಳೇ ಹರಾಜುಗಳ ದಾಖಲೆಯೂ ಸಿಗುತ್ತದೆ.

ಸಾದಾ ಲೇಬಲ್ಲಿನದು 100 ಡಾಲರ್, ಸಹಿಯದು 190 ಅಂದುಕೊಳ್ಳಿ. ಸಹಿಗೆ ನೀವು ಕೊಡುತ್ತಿರುವುದು 90. ಅದೇ ಸಹಿ ಇರುವ ಚೆಂಡು 60ಕ್ಕೆ ಸಿಗುತ್ತಿದ್ದರೆ ಉಳಿದ 30 ಯಾತಕ್ಕೆ? ನಾನಾದರೆ ನಾಣ್ಯ, ಚೆಂಡು ಎರಡನ್ನೂ ಬೇರೆ ಬೇರೆ ಕೊಳ್ಳುತ್ತೇನೆ. ಮಾರುವಾಗಲೂ ಅದೇ ಸಲೀಸು. ನಾಣ್ಯದವರು ಸಹಿಗೆ ದುಡ್ಡು ಬಿಚ್ಚುವುದು ಕಷ್ಟ. ಸಹಿ ಸಂಗ್ರಹಿಸುವವರಿಗೆ ಚೆಂಡೋ ಬ್ಯಾಟೋ ಇಷ್ಟ, ಕಾಗದದ ತುಂಡಲ್ಲ. ಎರಡೂ ಬೇಕೆನ್ನುವವರು ಸ್ವಲ್ಪ ಜನ.

ಬೆಂಗಳೂರಿನಲ್ಲಿ ಕೂತು ಮಾರುವವರಿಗೆ ಇನ್ನೂ ಕಷ್ಟ. ದ್ರಾವಿಡ್ ಸಹಿ ಅಂದರೆ ಇಲ್ಲಿ ಕಣ್ಣರಳುತ್ತದೆ, ಬೇಸ್‌ಬಾಲ್ ಆಟಗಾರನದು ಅಂದರೆ ಯಾರು ಅಂತ ಕೇಳುತ್ತಾರೆ. ಕೊಳ್ಳುವವರು ಇರುವುದು ಅಮೆರಿಕದಲ್ಲಿ. ಸಾಗಾಟ, ವಿಮೆ, ಮಾರಾಟದ ಕಮಿಷನ್ ಎಲ್ಲ ಕಳೆದರೆ ಸಹಿಯಿಂದ ಬಂದ ಲಾಭ ಅಲ್ಲಿಗಲ್ಲಿಗೆ ಆಗಬಹುದು.

ಈಗಾಗಲೇ ನಿಮ್ಮ ಬಳಿ ಒಂದಿದ್ದರೆ ಸ್ಲ್ಯಾಬ್ ಒಡೆಯಬೇಡಿ. ಹೊರಗೆ ಬಂದ ಲೇಬಲ್ಲಿಗೆ ಆ ಖಾತರಿ ಇರುವುದಿಲ್ಲ. ಬಿಸಿಲು ಬೀಳುವ ಗೋಡೆಯ ಶೋಕೇಸಿನಲ್ಲೂ ಇಡಬೇಡಿ. ಬೆಳ್ಳಿಗಿಂತ ಮೊದಲು ಮಾಸುವುದು ಶಾಯಿ.