ವಾಕ್ಯವನ್ನು ಬಿಡಿಸಿ ನೋಡುವ ಬಗೆ: ಕನ್ನಡದ ಪದವರ್ಗಗಳು ಮತ್ತು ವಾಕ್ಯರಚನೆ

‘ಮಾಡಿದ’ ಎಂಬ ಪದವನ್ನು ಮಾತ್ರ ಮುಂದಿಟ್ಟು ಅದು ಯಾವ ವರ್ಗದ್ದೆಂದು ಕೇಳಿದರೆ ವ್ಯಾಕರಣ ಬಲ್ಲವರೂ ಉತ್ತರ ಹೇಳಲಾರರು. ‘ಅವನು ಕೆಲಸ ಮಾಡಿದ’ ಎಂಬಲ್ಲಿ ಅದು ‘ಮಾಡಿದನು’ ಎಂಬುದರ ಕಡೆಯ ‘ನು’ ಬಿದ್ದುಹೋದ ರೂಪ, ಅಂದರೆ ಪೂರ್ಣ ಕ್ರಿಯಾಪದ. ಅಲ್ಲಿಗೆ ಮಾತು ಮುಗಿಯುತ್ತದೆ. ‘ಅವನು ಮಾಡಿದ ಕೆಲಸ’ ಎಂಬಲ್ಲಿ ಅದೇ ‘ಮಾಡಿದ’ ಎಂಬುದು ಕೆಲಸವೆಂಬ ಹೆಸರಿಗೆ ವಿಶೇಷಣವಾಗಿ ನಿಂತಿದೆ. ಆ ಕೆಲಸ ಏನಾಯಿತೆಂದು ತಿಳಿಯಲು ಓದುಗ ಇನ್ನೂ ಕಾಯಬೇಕು. ಅವೇ ಮೂರು ಪದಗಳು. ಎರಡು ಜಾಗ ಬದಲಾಯಿಸಿಕೊಂಡವು, ಅಷ್ಟೆ. ಆದ್ದರಿಂದ ಕನ್ನಡದಲ್ಲಿ ಪದದ ವರ್ಗವನ್ನು ತಿಳಿಯಬೇಕಾದರೆ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಬೇಕಾಗುತ್ತದೆ: ಪದದ ಕೊನೆಯಲ್ಲಿ ಯಾವ ಪ್ರತ್ಯಯವಿದೆ, ಮತ್ತು ಪದವು ವಾಕ್ಯದಲ್ಲಿ ಎಲ್ಲಿ ನಿಂತು ಯಾವುದಕ್ಕೆ ಅಂಟಿಕೊಂಡಿದೆ. ಪದವರ್ಗಗಳ ಪಟ್ಟಿಯನ್ನು ಬಾಯಿಪಾಠ ಮಾಡಿಯೂ ವಾಕ್ಯ ಬಿಡಿಸಲು ತಡವರಿಸುವವರು ಈ ಎರಡನೆಯ ಪ್ರಶ್ನೆಯನ್ನು ಕೇಳಿಕೊಂಡಿರುವುದಿಲ್ಲ.

ಇಂಗ್ಲಿಷ್ ವ್ಯಾಕರಣ ಓದಿದವರು ಎಂಟು ಪದವರ್ಗಗಳನ್ನು ನಿರೀಕ್ಷಿಸುತ್ತಾರೆ. ಕನ್ನಡಕ್ಕೆ ಸ್ಥೂಲವಾಗಿ ಮೂರು ಸಾಕು: ನಾಮಪದ, ಕ್ರಿಯಾಪದ, ಅವ್ಯಯ. ವಿಭಕ್ತಿ ಪ್ರತ್ಯಯ ಹತ್ತುವುದು ನಾಮಪದ. ಕಾಲವನ್ನೂ ಪುರುಷ, ಲಿಂಗ, ವಚನಗಳನ್ನೂ ಹೇಳುವ ಪ್ರತ್ಯಯ ಹತ್ತುವುದು ಕ್ರಿಯಾಪದ. ಎರಡೂ ಹತ್ತದೆ ಇದ್ದಂತೆಯೇ ಇರುವುದು ಅವ್ಯಯ. ಸರ್ವನಾಮ, ಸಂಖ್ಯಾವಾಚಕ, ಗುಣವಾಚಕಗಳೆಲ್ಲ ನಾಮಪದದ ಮನೆಯೊಳಗಿನ ಕೋಣೆಗಳು.

ನಾಮಪದವನ್ನು ಗುರುತಿಸುವ ಸುಲಭದ ದಾರಿಯೆಂದರೆ ಅದಕ್ಕೆ ‘ಅನ್ನು’ ಹಚ್ಚಿ ನೋಡುವುದು. ಮರವನ್ನು, ಅವಳನ್ನು, ಹತ್ತನ್ನು, ಒಳ್ಳೆಯತನವನ್ನು – ಇವೆಲ್ಲ ಸಲೀಸಾಗಿ ಬರುತ್ತವೆ. ‘ದೊಡ್ಡ’ ಎಂಬ ಗುಣವಾಚಕಕ್ಕೆ ನೇರವಾಗಿ ‘ಅನ್ನು’ ಹತ್ತುವುದಿಲ್ಲ, ಆದರೆ ‘ದೊಡ್ಡದನ್ನು’, ‘ದೊಡ್ಡವನನ್ನು’ ಎಂದಾಗ ಹತ್ತುತ್ತದೆ. ಅದನ್ನು ನಾಮಪದದ ಕಡೆಗೆ ಸೇರಿಸಲು ಇದೂ ಒಂದು ಆಧಾರ. ‘ಮರ’ ಎಂಬ ಪ್ರಕೃತಿಗೆ, ಅಂದರೆ ಪ್ರತ್ಯಯ ಹತ್ತುವ ಮೊದಲಿನ ಮೂಲರೂಪಕ್ಕೆ, ವಿಭಕ್ತಿಗಳು ಕ್ರಮವಾಗಿ ಸೇರಿದಾಗ ಮರವು, ಮರವನ್ನು, ಮರದಿಂದ, ಮರಕ್ಕೆ, ಮರದ ದೆಸೆಯಿಂದ, ಮರದ, ಮರದಲ್ಲಿ ಎಂದಾಗುತ್ತದೆ. ಇವುಗಳಲ್ಲಿ ಐದನೆಯದನ್ನು ಪಠ್ಯಪುಸ್ತಕದ ಹೊರಗೆ ಕೇಳುವುದು ಅಪರೂಪ. 13ನೇ ಶತಮಾನದ ಕೇಶಿರಾಜನಿಂದ ಹಿಡಿದು, 1604ರಲ್ಲಿ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದ ಭಟ್ಟಾಕಳಂಕನವರೆಗೆ ಹಳೆಯ ವೈಯಾಕರಣರ ಮುಂದಿದ್ದುದು ಸಂಸ್ಕೃತದ ಏಳು ವಿಭಕ್ತಿಗಳ ಚೌಕಟ್ಟು; ಅದರಲ್ಲಿ ಪಂಚಮಿಗೊಂದು ಮನೆಯಿದ್ದುದರಿಂದ ಕನ್ನಡದಲ್ಲಿಯೂ ಅದಕ್ಕೊಂದು ರೂಪವನ್ನು ಹೇಳುವ ಪದ್ಧತಿ ನಡೆದುಬಂದಿದೆ. ಆಡುವ ಬರೆಯುವ ಕನ್ನಡದಲ್ಲಿ ಆ ಕೆಲಸವನ್ನೂ ‘ಇಂದ’ ಎಂಬ ತೃತೀಯೆಯೇ ನಿರ್ವಹಿಸುತ್ತದೆ. ‘ಚಾಕುವಿನಿಂದ ಕತ್ತರಿಸಿದಳು’ ಎಂಬಲ್ಲಿ ಅದು ಸಾಧನ, ‘ಮರದಿಂದ ಎಲೆ ಉದುರಿತು’ ಎಂಬಲ್ಲಿ ಬಿಟ್ಟುಬಂದ ಜಾಗ, ‘ಜ್ವರದಿಂದ ಬಳಲಿದನು’ ಎಂಬಲ್ಲಿ ಕಾರಣ. ಪ್ರತ್ಯಯ ಒಂದೇ ಆದರೂ ಅರ್ಥಸಂಬಂಧ ಮೂರು. ಹೀಗಾಗಿ ಪ್ರತ್ಯಯವನ್ನು ಗುರುತಿಸಿದ ಕೂಡಲೇ ಕೆಲಸ ಮುಗಿಯಿತೆಂದು ಭಾವಿಸಬಾರದು.

ಕ್ರಿಯಾಪದವನ್ನು ಒಳಗಿನಿಂದ ನೋಡಿದರೆ ಮೂರು ಪದರಗಳು ಕಾಣುತ್ತವೆ. ‘ಬರೆಯುತ್ತಾಳೆ’ ಎಂಬುದರಲ್ಲಿ ‘ಬರೆ’ ಧಾತು, ‘ಉತ್ತ’ ಕಾಲಸೂಚಕ, ‘ಆಳೆ’ ಆಖ್ಯಾತ ಪ್ರತ್ಯಯ. ಮೊದಲನೆಯದು ಏನು ನಡೆಯಿತೆಂಬುದನ್ನು, ನಡುವಿನದು ಯಾವಾಗ ಎಂಬುದನ್ನು, ಕೊನೆಯದು ಯಾರು ಎಂಬುದನ್ನು ಹೇಳುತ್ತದೆ. ಈ ‘ಯಾರು’ ಎಂಬ ಕೊನೆಯ ಪದರವೇ ವಾಕ್ಯ ಬಿಡಿಸುವವರಿಗೆ ದೊಡ್ಡ ಆಸರೆ, ಏಕೆಂದರೆ ಕರ್ತೃ ಬದಲಾದರೆ ಅದೂ ಬದಲಾಗುತ್ತದೆ: ನಾನು ಬರೆಯುತ್ತೇನೆ, ನೀನು ಬರೆಯುತ್ತೀಯೆ, ಅವರು ಬರೆಯುತ್ತಾರೆ, ಮಗು ಬರೆಯುತ್ತದೆ. ಕರ್ತೃಪದವನ್ನು ಬಿಟ್ಟು ‘ನಾಳೆ ಬರುತ್ತೇನೆ’ ಎಂದರೂ ಬರುವವರು ಯಾರೆಂಬುದರಲ್ಲಿ ಗೊಂದಲವಿಲ್ಲದಿರುವುದು ಇದರಿಂದಲೇ.

ನಾಮಪದಕ್ಕೂ ಕ್ರಿಯಾಪದಕ್ಕೂ ನಡುವೆ ಕೃದಂತಗಳಿವೆ, ಮತ್ತು ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಧಾತುವಿನಿಂದ ಹುಟ್ಟಿದರೂ ಇವು ವಾಕ್ಯವನ್ನು ಮುಗಿಸುವುದಿಲ್ಲ. ಮಾಡಿದ, ಮಾಡುವ, ಮಾಡದ ಎಂಬವು ಮುಂದೆ ಬರುವ ಹೆಸರನ್ನು ಬಣ್ಣಿಸುತ್ತವೆ, ಇವು ಕೃದಂತನಾಮಗಳು. ಓಟ, ನೋಟ, ನಡಿಗೆ ಎಂಬವು ಕ್ರಿಯೆಯ ಭಾವವನ್ನೇ ಹೆಸರಾಗಿಸಿಕೊಂಡಿವೆ. ಇವು ಕೃದಂತಭಾವನಾಮಗಳು, ‘ಅನ್ನು’ ಹಚ್ಚಿದರೆ ಕೂಡಲೇ ಒಪ್ಪಿಕೊಳ್ಳುತ್ತವೆ. ಮಾಡಿ, ಮಾಡುತ್ತ, ಮಾಡದೆ, ಮಾಡಲು, ಮಾಡಿದರೆ ಎಂಬವು ಇನ್ನೊಂದು ಕ್ರಿಯೆಯನ್ನು ಕಾದು ನಿಲ್ಲುತ್ತವೆ; ಇವು ಕೃದಂತಾವ್ಯಯಗಳು. ಪೂರ್ಣ ಕ್ರಿಯಾಪದವೋ ಕೃದಂತವೋ ಎಂಬ ಸಂಶಯ ಬಂದಾಗ ಕರ್ತೃವನ್ನು ಬದಲಿಸಿ ನೋಡಬೇಕು. ‘ಅವನು ಮಾಡಿದ ಕೆಲಸ’ ಎಂಬುದನ್ನು ‘ಅವಳು ಮಾಡಿದ ಕೆಲಸ’ ಎಂದು ಮಾಡಿದರೆ ‘ಮಾಡಿದ’ ಅಲುಗಾಡುವುದಿಲ್ಲ, ಆದ್ದರಿಂದ ಅದು ಕೃದಂತ. ‘ಅವನು ಕೆಲಸ ಮಾಡಿದ’ ಎಂಬಲ್ಲಿ ಅವಳು ಬಂದರೆ ‘ಮಾಡಿದಳು’ ಎಂದಾಗಲೇಬೇಕು, ಆದ್ದರಿಂದ ಅದು ಕ್ರಿಯಾಪದ.

ಅವ್ಯಯಗಳ ಬಗೆಗಳನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಮೆಲ್ಲಗೆ, ಬೇಗನೆ, ಆದರೆ, ಅಯ್ಯೋ, ಪಟಪಟ ಮುಂತಾದವು ಎಲ್ಲರಿಗೂ ಗುರುತು ಸಿಗುವಂಥವೇ. ‘ಮೇಲೆ’, ‘ಕೆಳಗೆ’, ‘ಒಳಗೆ’ ಎಂಬ ಗುಂಪಿನ ಮೇಲೆ ಮಾತ್ರ ಒಂದು ಕಣ್ಣಿಡಬೇಕು. ಇವನ್ನು ಅವ್ಯಯಗಳೆಂದು ಕಲಿಸುವುದು ರೂಢಿಯಾದರೂ ‘ಮೇಲಿನ’, ‘ಮೇಲಕ್ಕೆ’, ‘ಒಳಗಿನಿಂದ’ ಎಂದು ಇವುಗಳ ಮೂಲಕ್ಕೆ ವಿಭಕ್ತಿ ಹತ್ತುತ್ತದೆ. ಇವು ಅರ್ಧ ನಾಮಪದಗಳೆಂದು ತಿಳಿದರೆ ತಪ್ಪಿಲ್ಲ. ‘ಮರದ ಮೇಲೆ’ ಎಂಬಲ್ಲಿ ಹಿಂದಿನ ಪದ ಷಷ್ಠಿಯಲ್ಲಿರುವುದೂ ಇದನ್ನೇ ಸೂಚಿಸುತ್ತದೆ.

ಈಗ ವಾಕ್ಯಕ್ಕೆ ಬರೋಣ. ಕನ್ನಡ ವಾಕ್ಯದ ಸಹಜ ಕ್ರಮ ಕರ್ತೃ, ಕರ್ಮ, ಕ್ರಿಯೆ. ವಾಕ್ಯದ ಕೀಲಿಯಾದ ಕ್ರಿಯಾಪದ ಕೊನೆಯಲ್ಲಿರುವುದರಿಂದ ಬಿಡಿಸುವ ಕೆಲಸವನ್ನು ಕೊನೆಯಿಂದಲೇ ಆರಂಭಿಸುವುದು ಜಾಣತನ. ಒಂದು ಉದ್ದನೆಯ ವಾಕ್ಯವನ್ನು ತೆಗೆದುಕೊಳ್ಳೋಣ: ‘ನಿನ್ನೆ ಸಂಜೆ ಮಳೆ ನಿಂತ ಮೇಲೆ ಅಂಗಳದಲ್ಲಿ ಬಿದ್ದಿದ್ದ ಕೊಂಬೆಗಳನ್ನು ಹುಡುಗರು ಒಟ್ಟುಗೂಡಿಸಿ ಬೇಲಿಯ ಪಕ್ಕಕ್ಕೆ ಎಳೆದು ಹಾಕಿದರು.’

ಕೊನೆಯಲ್ಲಿರುವುದು ‘ಹಾಕಿದರು’. ‘ಎಳೆದು’ ಎಂಬುದು ಅದರ ಜೊತೆಗೂಡಿ ಒಂದೇ ಕ್ರಿಯೆಯಂತೆ ಕೆಲಸ ಮಾಡುತ್ತಿದೆ. ‘ಅರು’ ಎಂಬ ಪ್ರತ್ಯಯ ಪ್ರಥಮ ಪುರುಷದ (ನಾನು, ನೀನು ಅಲ್ಲದ ‘ಅವನು, ಅವಳು, ಅವರು’ ಎಂಬವರ) ಬಹುವಚನವನ್ನು, ಅದರಲ್ಲೂ ಮನುಷ್ಯರನ್ನು, ಸೂಚಿಸುತ್ತದೆ. ಹಾಗಾದರೆ ಎಳೆದು ಹಾಕಿದವರು ಯಾರು? ಪ್ರಥಮಾ ವಿಭಕ್ತಿಯಲ್ಲಿ ‘ಮಳೆ’ಯೂ ಇದೆ, ‘ಹುಡುಗರು’ ಎಂಬುದೂ ಇದೆ. ಪ್ರತ್ಯಯಕ್ಕೆ ಹೊಂದುವುದು ಹುಡುಗರು ಮಾತ್ರ. ಏನನ್ನು ಎಂದು ಕೇಳಿದರೆ ‘ಕೊಂಬೆಗಳನ್ನು’ ಎಂಬ ಕರ್ಮ ಸಿಗುತ್ತದೆ, ಎಲ್ಲಿಗೆ ಎಂದರೆ ‘ಪಕ್ಕಕ್ಕೆ’, ಯಾವುದರ ಪಕ್ಕ ಎಂದರೆ ‘ಬೇಲಿಯ’. ಇಷ್ಟಾದಾಗ ವಾಕ್ಯದ ಬೆನ್ನೆಲುಬು ಕೈಗೆ ಬಂದಿರುತ್ತದೆ: ಹುಡುಗರು ಕೊಂಬೆಗಳನ್ನು ಎಳೆದು ಹಾಕಿದರು. ಉಳಿದದ್ದನ್ನು ಯಾವುದಕ್ಕೆ ಕಟ್ಟಬೇಕೆಂಬುದೇ ಮುಂದಿನ ಕೆಲಸ. ‘ಒಟ್ಟುಗೂಡಿಸಿ’ ಎಂಬ ಕೃದಂತಾವ್ಯಯ ಅದೇ ಹುಡುಗರು ಮೊದಲು ಮಾಡಿದ ಕ್ರಿಯೆ. ‘ಅಂಗಳದಲ್ಲಿ’ ಎಂಬುದನ್ನು ಅವಸರದಲ್ಲಿ ಕೊನೆಯ ಕ್ರಿಯಾಪದಕ್ಕೆ ಕಟ್ಟಿದರೆ ಅರ್ಥ ಕೆಡುತ್ತದೆ. ಅದು ಹೇಳುತ್ತಿರುವುದು ಕೊಂಬೆಗಳು ಬಿದ್ದಿದ್ದ ಜಾಗವನ್ನು, ಆದ್ದರಿಂದ ಅದು ‘ಬಿದ್ದಿದ್ದ’ ಎಂಬ ಕೃದಂತಕ್ಕೆ ಸೇರಿದ್ದು. ‘ಮಳೆ’ ಎಂಬುದು ‘ನಿಂತ’ ಎಂಬ ಕೃದಂತದ ಸ್ವಂತ ಕರ್ತೃ. ‘ಮೇಲೆ’ ಇಲ್ಲಿ ಜಾಗವನ್ನಲ್ಲ, ಕಾಲವನ್ನು ಹೇಳುತ್ತಿದೆ. ‘ನಿನ್ನೆ ಸಂಜೆ’ ಎಂಬುದನ್ನು ಮಳೆ ನಿಂತದ್ದಕ್ಕೂ ಕಟ್ಟಬಹುದು, ಕೊಂಬೆ ಎಳೆದದ್ದಕ್ಕೂ ಕಟ್ಟಬಹುದು. ಇಲ್ಲಿ ಎರಡರಿಂದಲೂ ಅರ್ಥಕ್ಕೆ ಬಾಧಕವಿಲ್ಲ.

ಇಷ್ಟು ಉದ್ದವಿದ್ದರೂ ಪೂರ್ಣ ಕ್ರಿಯಾಪದ ಒಂದೇ ಇರುವುದರಿಂದ ಇದು ಸಾಮಾನ್ಯ ವಾಕ್ಯವೇ. ಉದ್ದವನ್ನು ನೋಡಿ ಮಿಶ್ರ ವಾಕ್ಯವೆಂದು ಬರೆದು ಅಂಕ ಕಳೆದುಕೊಳ್ಳುವ ವಿದ್ಯಾರ್ಥಿಗಳು ಕಡಿಮೆಯೇನಿಲ್ಲ. ‘ಮಳೆ ನಿಂತಿತು, ಆದರೆ ಗಾಳಿ ನಿಲ್ಲಲಿಲ್ಲ’ ಎಂಬಲ್ಲಿ ಎರಡು ಭಾಗಗಳೂ ತಮ್ಮ ಕಾಲ ಮೇಲೆ ತಾವು ನಿಲ್ಲಬಲ್ಲವು. ಅದು ಸಂಯೋಜಿತ ವಾಕ್ಯ. ‘ಮಳೆ ನಿಲ್ಲುತ್ತದೆ ಎಂದು ಅವಳು ಹೇಳಿದಳು’ ಎಂಬಲ್ಲಿ ಮೊದಲ ವಾಕ್ಯವನ್ನು ‘ಎಂದು’ ಎಂಬ ಪದ ಎರಡನೆಯದಕ್ಕೆ ಅಧೀನವಾಗಿಸಿದೆ. ಇದು ಮಿಶ್ರ ವಾಕ್ಯ. ಗಾತ್ರ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಕೊನೆಯ ಪ್ರತ್ಯಯವನ್ನು ಹಿಡಿದು ಕರ್ತೃವನ್ನು ಹುಡುಕುವ ಈ ವಿಧಾನ ಕೈಕೊಡುವ ಕೆಲವು ಕಡೆಗಳಿವೆ. ‘ನಾನು ಬರುವುದಿಲ್ಲ’, ‘ಅವಳು ಬರುವುದಿಲ್ಲ’ ಎಂಬ ಎರಡರಲ್ಲೂ ಕ್ರಿಯಾರೂಪ ಒಂದೇ, ಏಕೆಂದರೆ ‘ಇಲ್ಲ’ ಎಂಬುದು ಯಾರಿಗಾಗಿಯೂ ರೂಪ ಬದಲಿಸುವುದಿಲ್ಲ. ಅಂಥಲ್ಲಿ ವಾಕ್ಯವನ್ನು ಮನಸ್ಸಿನಲ್ಲೇ ನಿಷೇಧವಿಲ್ಲದ ರೂಪಕ್ಕೆ ತಿರುಗಿಸಿ ‘ಬರುತ್ತೇನೆ’, ‘ಬರುತ್ತಾಳೆ’ ಎಂದು ಮಾಡಿಕೊಂಡರೆ ಕರ್ತೃ ಸ್ಪಷ್ಟವಾಗುತ್ತದೆ. ‘ನನಗೆ ಆ ಚಿತ್ರ ಹಿಡಿಸಿತು’ ಎಂಬ ಬಗೆಯ ವಾಕ್ಯಗಳು ಇನ್ನೂ ಸೂಕ್ಷ್ಮ. ಮೆಚ್ಚಿದ್ದು ನಾನಾದ್ದರಿಂದ ಕರ್ತೃ ನಾನೇ ಎಂದು ತೋರುತ್ತದೆ. ಆದರೆ ‘ನನಗೆ’ ಎಂಬುದನ್ನು ‘ನಮಗೆ’ ಎಂದು ಬದಲಿಸಿದರೆ ಕ್ರಿಯಾಪದ ಇದ್ದಂತೆಯೇ ಇರುತ್ತದೆ, ‘ಚಿತ್ರ’ವನ್ನು ‘ಚಿತ್ರಗಳು’ ಎಂದು ಬದಲಿಸಿದರೆ ‘ಹಿಡಿಸಿದವು’ ಎಂದಾಗುತ್ತದೆ. ಕ್ರಿಯಾಪದ ಯಾರ ಮಾತಿಗೆ ಕುಣಿಯುತ್ತದೋ ಅದೇ ಕರ್ತೃ. ‘ನನಗೆ’ ಎಂಬುದು ಅನುಭವಿಸಿದವರನ್ನು ಹೇಳುವ ಚತುರ್ಥಿ ಮಾತ್ರ. ‘ನನಗೆ ಹಸಿವಾಗಿದೆ’ ಎಂಬಲ್ಲಿ ಕರ್ತೃವಾದ ‘ಹಸಿವು’ ಕ್ರಿಯಾಪದದೊಂದಿಗೆ ಸಂಧಿಯಾಗಿ ಅಡಗಿ ಕುಳಿತಿದೆ. ಇನ್ನು ‘ಇದು ಮರ’, ‘ಅವಳು ಗಾಯಕಿ’ ಎಂಬಂಥ ವಾಕ್ಯಗಳಲ್ಲಿ ಕ್ರಿಯಾಪದವೇ ಇಲ್ಲ, ಇದ್ದರೆ ಚೆನ್ನಾಗಿಯೂ ಇರುವುದಿಲ್ಲ. ‘ಆಗಿದೆ’, ‘ಆಗಿದ್ದಾಳೆ’ ಎಂದು ಎಲ್ಲೆಡೆ ಬಾಲ ಹಚ್ಚುವ ಈಚಿನ ಚಾಳಿ ಕಿವಿಗೆ ಹಿತವಲ್ಲ. ಕರ್ಮಣಿ ಪ್ರಯೋಗದ ಮಾತೂ ಇಷ್ಟೇ: ‘ಪತ್ರವು ಅವನಿಂದ ಬರೆಯಲ್ಪಟ್ಟಿತು’ ಎಂಬುದನ್ನು ಗುರುತಿಸಲು ಬಲ್ಲವರಾಗಿರಬೇಕು, ಬರೆಯುವಾಗ ‘ಪತ್ರವನ್ನು ಅವನು ಬರೆದನು’ ಎಂದೇ ಬರೆಯಬೇಕು.

ಕರ್ಮಪದದಲ್ಲಿಯೂ ಒಂದು ತೊಡಕಿದೆ. ‘ಪುಸ್ತಕ ಓದಿದಳು’ ಎಂಬಲ್ಲಿ ‘ಅನ್ನು’ ಲೋಪವಾಗಿದೆ. ಕರ್ತೃವಿಗೆ ಹತ್ತುವ ‘ಉ’ ಕೂಡ ಹೀಗೆಯೇ ಲೋಪವಾಗುವುದರಿಂದ ಪ್ರತ್ಯಯವಿಲ್ಲದ ಹೆಸರು ಕರ್ತೃವೂ ಆಗಿರಬಹುದು, ಕರ್ಮವೂ ಆಗಿರಬಹುದು. ಪುಸ್ತಕ ಓದಲಾರದು ಎಂಬ ಲೋಕಜ್ಞಾನವೂ, ‘ಅಳು’ ಎಂಬ ಸ್ತ್ರೀಲಿಂಗ ಪ್ರತ್ಯಯವೂ ಇಲ್ಲಿ ನೆರವಿಗೆ ಬರುತ್ತವೆ. ಕರ್ಮ ಮನುಷ್ಯವಾಚಕವಾದರೆ ‘ಅನ್ನು’ ಬಿಡುವಂತಿಲ್ಲ: ‘ಹುಡುಗಿ ಹುಡುಗನನ್ನು ಕರೆದಳು’ ಎನ್ನಲೇಬೇಕು. ಹಾಗೆ ‘ಅನ್ನು’ ಇದ್ದಾಗ ಪದಗಳ ಜಾಗಕ್ಕೆ ಸ್ವಾತಂತ್ರ್ಯವೂ ಬರುತ್ತದೆ. ‘ಹುಡುಗನನ್ನು ಹುಡುಗಿ ಕರೆದಳು’ ಎಂದರೂ ಕರೆದವಳು ಹುಡುಗಿಯೇ. ಆದರೆ ಒತ್ತು ಕ್ರಿಯಾಪದಕ್ಕೆ ಹತ್ತಿರವಾದ ‘ಹುಡುಗಿ’ಯ ಮೇಲೆ ಸರಿದು, ಕರೆದದ್ದು ಬೇರೆ ಯಾರೂ ಅಲ್ಲ ಎಂಬ ಧ್ವನಿ ಮೂಡುತ್ತದೆ.

ಇದೇ ತಿಳಿವಳಿಕೆ ಬರವಣಿಗೆಯನ್ನು ತಿದ್ದುವುದಕ್ಕೂ ಒದಗುತ್ತದೆ. ‘ಬಂದು’, ‘ನೋಡಿ’ ಎಂಬಂಥ ಕೃದಂತಾವ್ಯಯದ ಕರ್ತೃವೂ ಕೊನೆಯ ಕ್ರಿಯಾಪದದ ಕರ್ತೃವೂ ಸಾಮಾನ್ಯವಾಗಿ ಒಬ್ಬರೇ ಆಗಿರಬೇಕು. ‘ನಾನು ಬಾಗಿಲು ತೆರೆದು ಅವನು ಒಳಗೆ ಬಂದನು’ ಎಂಬುದು ಕುಂಟುತ್ತದೆ. ‘ನಾನು ಬಾಗಿಲು ತೆರೆದಾಗ’ ಎಂದು ತಿದ್ದಿದರೆ ನೆಟ್ಟಗಾಗುತ್ತದೆ. ‘ಮಳೆ ಬಂದು ಗಿಡ ಚಿಗುರಿತು’ ಎಂಬಲ್ಲಿ ಕರ್ತೃಗಳು ಬೇರೆಯಾದರೂ ವಾಕ್ಯ ಒಪ್ಪುವುದು ಮೊದಲನೆಯದು ಎರಡನೆಯದಕ್ಕೆ ಕಾರಣವಾಗಿರುವುದರಿಂದ. ಕೃದಂತನಾಮದ ಅಪಾಯ ಬೇರೆ ಬಗೆಯದು. ‘ನಿನ್ನೆ ಬಂದ ಹುಡುಗನ ತಂಗಿ ಹಾಡಿದಳು’ ಎಂಬುದನ್ನು ಓದಿದವರು ನಿನ್ನೆ ಬಂದದ್ದು ಹುಡುಗನೋ ತಂಗಿಯೋ ಎಂದು ಹೇಳಲಾರರು. ‘ಬಂದ’ ಎಂಬುದು ಹತ್ತಿರದ ‘ಹುಡುಗ’ನಿಗೂ ಹತ್ತಬಹುದು, ಅವನನ್ನು ದಾಟಿ ‘ತಂಗಿ’ಗೂ ಹತ್ತಬಹುದು. ಬಂದವಳು ತಂಗಿಯಾದರೆ ವಿಶೇಷಣವನ್ನು ಅವಳ ಪಕ್ಕಕ್ಕೇ ತಂದು ‘ಹುಡುಗನ ನಿನ್ನೆ ಬಂದ ತಂಗಿ’ ಎನ್ನಬಹುದು, ಆದರೆ ಅದು ಓದಲು ತೊಡಕು, ಅದಕ್ಕಿಂತ ‘ಆ ಹುಡುಗನ ತಂಗಿ ನಿನ್ನೆ ಬಂದಿದ್ದಳು, ಅವಳೇ ಹಾಡಿದಳು’ ಎಂದು ಒಂದನ್ನು ಎರಡು ವಾಕ್ಯವಾಗಿ ಒಡೆಯುವುದು ಲೇಸು.